ಹೊಸಬರಿಗೆ ಸಾಫ್ಟ್‌ವೇರ್ ತರಗತಿ: ಊರಲ್ಲೇ ನಡೆಸುವುದು ಹೇಗೆ?

ಉಪ್ಪಳದಲ್ಲಿ ನನ್ನದೊಂದು ಸಣ್ಣ ಇಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಉಂಟು. ಮೂರು ವರ್ಷದ ಹಿಂದೆ ಒಬ್ಬ ಹುಡುಗ ಕೆಲಸ ಕೇಳಿಕೊಂಡು ಬಂದ. ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮುಗಿಸಿದ ಸರ್ಟಿಫಿಕೇಟ್ ಕೈಯಲ್ಲಿತ್ತು, ಲ್ಯಾಮಿನೇಷನ್ ಕೂಡ ಮಾಡಿಸಿದ್ದ. ಸ್ಟಾಕಿನ ಪಟ್ಟಿ ಕೊಟ್ಟು "ಇದನ್ನು ಎಕ್ಸೆಲ್‌ನಲ್ಲಿ ಹಾಕಿ ಟೋಟಲ್ ತೆಗಿ ಮೋನೆ" ಎಂದೆ. ಸಾಮಾನಿನ ಹೆಸರು, ಸಂಖ್ಯೆ, ದರ ಎಲ್ಲವನ್ನೂ ಒಂದೇ ಸೆಲ್‌ನೊಳಗೆ ಸ್ಪೇಸ್ ಕೊಟ್ಟು ಕೊಟ್ಟು ಬರೆದ. ಟೋಟಲ್ ಮಾಡ್ಲಿಕ್ಕೆ ಜೇಬಿನಿಂದ ಮೊಬೈಲ್ ತೆಗೆದು ಕ್ಯಾಲ್ಕ್ಯುಲೇಟರ್ ಒತ್ತಿದ. "ಕೋರ್ಸಿನಲ್ಲಿ ಎಂತ ಕಲಿಸಿದ್ರು?" ಅಂತ ಕೇಳಿದೆ. "ಎಲ್ಲ ಮೆನು ಹೇಳಿ ಕೊಟ್ಟಿದ್ದಾರೆ ಇಚ್ಚ. ಪರೀಕ್ಷೆಗೂ ಅದೇ ಬಂದದ್ದು" ಎಂದ.

ಆ ದಿನ ಅವನಿಗೆ ಕೆಲಸ ಕೊಡ್ಲಿಕ್ಕೆ ಆಗ್ಲಿಲ್ಲ. ಹುಡುಗ ದಡ್ಡನಲ್ಲ. ಅವನ ಆರು ತಿಂಗಳೂ ಮನೆಯವರ ದುಡ್ಡೂ ಹೋದದ್ದು ಕಲಿಸಿದ ಕ್ರಮದಿಂದ. ಅದರ ನಂತರ ಕೆಲವು ಸ್ನೇಹಿತರು ಸೇರಿ ಊರಿನಲ್ಲೇ ಹೊಸಬರಿಗೆ ತರಗತಿ ಮಾಡಿದೆವು. ಮೊದಲ ಬ್ಯಾಚಿಗೆ 22 ಜನ ಸೇರಿದರು, ಕೊನೆಯ ದಿನ ಉಳಿದದ್ದು 6 ಮಂದಿ. ಎರಡನೇ ಸಲ ತಪ್ಪು ತಿದ್ದಿಕೊಂಡು 12 ಜನರಿಂದ ಶುರು ಮಾಡಿದೆವು, 10 ಮಂದಿ ಪೂರ್ತಿ ಮಾಡಿದರು. ಈ ಎರಡು ಬ್ಯಾಚಿನಲ್ಲಿ ಕಲಿತದ್ದನ್ನು, ನಿಮ್ಮ ಊರಿನಲ್ಲೂ ಬಳಸುವ ಹಾಗೆ, ಇಲ್ಲಿ ಕ್ರಮವಾಗಿ ಕೊಟ್ಟಿದ್ದೇನೆ.

ಮೊದಲು ಕೆಲಸ, ಆಮೇಲೆ ಸಾಫ್ಟ್‌ವೇರ್

ತರಗತಿ ಮಾಡುವವರು ಸಾಮಾನ್ಯವಾಗಿ "ವರ್ಡ್, ಎಕ್ಸೆಲ್, ಟ್ಯಾಲಿ ಕಲಿಸುವ" ಎಂದು ಶುರು ಮಾಡ್ತಾರೆ. ನಾವು ಕೂಡ ಹಾಗೇ ಮಾಡಿದ್ದು. ಕಲಿಯುವವನಿಗೆ ಬೇಕಾದದ್ದು ಸಾಫ್ಟ್‌ವೇರಿನ ಹೆಸರಲ್ಲ, ಒಂದು ಕೆಲಸ ಆಗಬೇಕು. ಅಂಗಡಿಯ ಸಾಲದ ಪುಸ್ತಕ ಬರೆಯುವುದು, ಪಂಚಾಯತಿಗೆ ಅರ್ಜಿ ಟೈಪ್ ಮಾಡುವುದು, ಗಲ್ಫಿನ ಕೆಲಸಕ್ಕೆ ಬಯೋಡೇಟಾ ಕಳಿಸುವುದು, ಖರೀದಿ ಬಿಲ್ ಎಂಟ್ರಿ ಮಾಡುವುದು. ಪ್ರತಿ ಪಾಠದ ಕೊನೆಗೆ ಇಂಥ ಒಂದು ಕೆಲಸ ಕೈಯಲ್ಲಿ ಮುಗಿದಿರಬೇಕು. ಮೆನುವಿನಲ್ಲಿ ನೂರು ಆಯ್ಕೆ ಇದ್ದರೂ ಆ ಕೆಲಸಕ್ಕೆ ಬೇಕಾದ ನಾಲ್ಕನ್ನು ಮಾತ್ರ ತೋರಿಸಿ. ಬಾಕಿಯದ್ದನ್ನು ಬೇಕಾದಾಗ ಅವರೇ ಹುಡುಕುತ್ತಾರೆ.

ಈಗಾಗಲೇ ಇರುವುದು ಎಂತ?

ಕೇರಳದಲ್ಲಿ ಈ ಕೆಲಸ ಹೊಸತಲ್ಲ. 2002ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಶುರುವಾದ ಅಕ್ಷಯ ಯೋಜನೆ ಪ್ರತಿ ಮನೆಯಲ್ಲಿ ಒಬ್ಬರಿಗಾದರೂ ಕಂಪ್ಯೂಟರ್ ಪರಿಚಯ ಮಾಡಿಸುವ ಗುರಿ ಇಟ್ಟುಕೊಂಡಿತ್ತು. ಇವತ್ತು ನಾವು ಅರ್ಜಿ ಹಾಕ್ಲಿಕ್ಕೆ ಹೋಗುವ ಅಕ್ಷಯ ಕೇಂದ್ರಗಳ ಮೂಲ ಅದೇ. ಕೇಂದ್ರ ಸರಕಾರ 2017ರಲ್ಲಿ ತಂದ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಯೋಜನೆಯಲ್ಲಿ 20 ಗಂಟೆಯ ಪಾಠ ಇತ್ತು. ನೈಲಿಟ್ ಸಂಸ್ಥೆಯ ಸಿಸಿಸಿ ಕೋರ್ಸ್ 80 ಗಂಟೆಯದ್ದು. 2025ರ ಆಗಸ್ಟ್‌ನಲ್ಲಿ ಕೇರಳ ತಾನು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯ ಎಂದು ಘೋಷಿಸಿಕೊಂಡಿತು.

ಆದರೆ ಸ್ಮಾರ್ಟ್‌ಫೋನ್ ಬಳಸಲು ಬರುವುದು ಬೇರೆ, ಒಂದು ಅಂಗಡಿಯ ಲೆಕ್ಕ ಬರೆಯಲು ಬರುವುದು ಬೇರೆ. ಅದಲ್ಲದೆ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ನಮ್ಮ ಮಕ್ಕಳಿಗೆ ಇನ್ನೊಂದು ತೊಡಕು ಉಂಟು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಪರದೆಯ ಮೇಲೆ ಇಂಗ್ಲಿಷ್. ಪಾಠ ಅರ್ಥವಾಗದವನು ಸಾಫ್ಟ್‌ವೇರ್ ಕಷ್ಟ ಎಂದುಕೊಳ್ಳುತ್ತಾನೆ. ಅರ್ಥವಾಗದ್ದು ಕೆಲವೊಮ್ಮೆ ಭಾಷೆ ಮಾತ್ರ. ಊರಿನವರೇ ನಡೆಸುವ ತರಗತಿಗೆ ಇಲ್ಲಿಯೇ ಜಾಗ ಇರುವುದು.

ಯಾರಿಗೆ, ಎಷ್ಟು ಜನರಿಗೆ?

ಮೊದಲ ಬ್ಯಾಚಿನಲ್ಲಿ ನಮ್ಮ ದೊಡ್ಡ ತಪ್ಪು, ಬಂದವರನ್ನೆಲ್ಲ ಒಟ್ಟಿಗೆ ಕೂರಿಸಿದ್ದು. ಬಿಕಾಂ ಓದುತ್ತಿದ್ದವನ ಪಕ್ಕದಲ್ಲಿ ಮೌಸ್ ಹಿಡಿಯದ ಮಧ್ಯವಯಸ್ಸಿನ ಕಾಕ ಕೂತಿದ್ದರು. ಒಬ್ಬನಿಗೆ ಬೋರ್, ಇನ್ನೊಬ್ಬರಿಗೆ ನಾಚಿಕೆ. ಎರಡು ವಾರದಲ್ಲಿ ಇಬ್ಬರೂ ಬರುವುದು ನಿಲ್ಲಿಸಿದರು.

ಹಾಗಾಗಿ ಹೆಸರು ಬರೆಸಿಕೊಳ್ಳುವಾಗಲೇ ಐದು ಪ್ರಶ್ನೆ ಕೇಳಿ:

1. ಕೀಬೋರ್ಡಿನಲ್ಲಿ ನಿಮ್ಮ ಹೆಸರು ಟೈಪ್ ಮಾಡಿದ್ದೀರಾ?
2. ಒಂದು ಫೈಲ್ ಸೇವ್ ಮಾಡಿ ಮರುದಿನ ಹುಡುಕಿ ತೆರೆದಿದ್ದೀರಾ?
3. ಇಮೇಲ್‌ನಲ್ಲಿ ಫೈಲ್ ಸೇರಿಸಿ ಕಳಿಸಿದ್ದೀರಾ?
4. ಮನೆಯಲ್ಲಿ ಅಭ್ಯಾಸಕ್ಕೆ ಕಂಪ್ಯೂಟರ್ ಉಂಟಾ?
5. ಕಲಿತು ಎಂತ ಮಾಡಬೇಕೆಂದು ಇದ್ದೀರಿ?

ಮೊದಲ ಮೂರಕ್ಕೂ "ಇಲ್ಲ" ಎಂದವರು ಒಂದು ಗುಂಪು. ಎರಡಕ್ಕೆ "ಹೌದು" ಎಂದವರು ಇನ್ನೊಂದು ಗುಂಪು. ಐದನೇ ಉತ್ತರ ನೋಡಿ ಪಾಠದ ಉದಾಹರಣೆ ಆರಿಸಿ. ಒಂದು ಬ್ಯಾಚಿಗೆ 12 ಜನ ಸಾಕು, ಹೆಚ್ಚೆಂದರೆ 15. ಕಲಿಸುವವನ ಜೊತೆ ಇಬ್ಬರು ಸಹಾಯಕರು ಬೇಕೇ ಬೇಕು. ಒಬ್ಬನೇ ಕಲಿಸಿದರೆ, ಒಬ್ಬರ ಮೌಸ್ ಸರಿಮಾಡುವಷ್ಟರಲ್ಲಿ ಹನ್ನೊಂದು ಜನ ಮೊಬೈಲ್ ತೆಗೆದಿರುತ್ತಾರೆ.

ಸಹಾಯಕರನ್ನು ದೂರ ಹುಡುಕುವ ಅಗತ್ಯ ಇಲ್ಲ. ಕೇರಳದ ಕೈಟ್ ಸಂಸ್ಥೆ (2001ರ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಆಯಿತು) 2018ರಿಂದ ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಕ್ಲಬ್ ನಡೆಸುತ್ತಿದೆ. ಅದರಲ್ಲಿ ತರಬೇತಿ ಪಡೆದ ಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ಎರಡನೇ ಬ್ಯಾಚಿನಲ್ಲಿ ಪ್ಲಸ್ ಟು ಓದುವ ಇಬ್ಬರು ಅಂಥವರು ಬಂದರು. ಹಿರಿಯರ ಪಕ್ಕ ಕೂತು ತಾಳ್ಮೆಯಿಂದ ಹೇಳಿ ಕೊಡುವುದರಲ್ಲಿ ಅವರು ನಮಗಿಂತ ಮೇಲು.

ಜಾಗ ಮತ್ತು ಸಮಯ

ಬಾಡಿಗೆ ಹಾಲ್ ಬೇಡ. ಮದ್ರಸದ ಕೋಣೆ ಬೆಳಗ್ಗಿನ ಪಾಠ ಮುಗಿದ ಮೇಲೆ ಖಾಲಿ ಇರ್ತದೆ, ಜಮಾಅತ್ ಕಮಿಟಿಯವರನ್ನು ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ. ಕ್ಲಬ್ಬಿನ ಕೋಣೆ, ವಾಚನಾಲಯ ಕೂಡ ಆಗ್ತದೆ. ನೋಡಬೇಕಾದದ್ದು ಮೂರು: ಭೂಮಿಗೆ ಸರಿಯಾಗಿ ಅರ್ಥಿಂಗ್ ಇರುವ ಪ್ಲಗ್, ಪರದೆಗೆ ಬಿಸಿಲು ಬೀಳದ ಗೋಡೆ, ಹೆಂಗಸರಿಗೆ ಶೌಚಾಲಯ.

ಕರೆಂಟಿನ ಲೆಕ್ಕ ಸುಲಭ. ಒಂದು ಲ್ಯಾಪ್‌ಟಾಪಿನ ಚಾರ್ಜರ್ ಸಾಧಾರಣ 65 ವ್ಯಾಟ್. 12 ಲ್ಯಾಪ್‌ಟಾಪಿಗೆ 780 ವ್ಯಾಟ್. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಎಲ್ಲವನ್ನೂ ಸಿಕ್ಕಿಸದೆ ಮೂರು ಬೋರ್ಡಿಗೆ ಹಂಚಿ. ಮಳೆಗಾಲದಲ್ಲಿ ಸಿಡಿಲು ಶುರುವಾದರೆ ಪ್ಲಗ್ ತೆಗೆದು ಬ್ಯಾಟರಿಯಲ್ಲಿ ನಡೆಸಿ. ಇದು ನನ್ನ ಕಸುಬಿನ ಮಾತು, ಹಗುರವಾಗಿ ತಕ್ಕೊಳ್ಳಬೇಡಿ.

ಸಮಯವನ್ನು ಕಲಿಯುವವರ ದಿನಚರಿ ನೋಡಿ ಇಡಿ. ಮನೆಯಲ್ಲಿರುವ ಹೆಂಗಸರಿಗೆ ಮಕ್ಕಳು ಶಾಲೆಗೆ ಹೋದ ಮೇಲೆ ಬೆಳಗ್ಗೆ 10.30ರಿಂದ 12ರವರೆಗೆ. ಅಂಗಡಿ, ಕಾಲೇಜಿನವರಿಗೆ ಇಶಾ ಆದ ಮೇಲೆ ಒಂದೂವರೆ ಗಂಟೆ. ವಾರಕ್ಕೆ ಎರಡು ದಿನ ಸಾಕು, ನಡುವೆ ಅಭ್ಯಾಸಕ್ಕೆ ದಿನ ಬೇಕು. ರಂಝಾನ್ ತಿಂಗಳನ್ನು ಬಿಟ್ಟು ಲೆಕ್ಕ ಹಾಕಿ. ಮೊದಲ ಬ್ಯಾಚನ್ನು ನಾವು ರಂಝಾನಿಗೆ ಮೂರು ವಾರ ಇರುವಾಗ ಶುರು ಮಾಡಿದ್ದೆವು. ಹಬ್ಬ ಮುಗಿದು ಮತ್ತೆ ಕರೆದಾಗ ಅರ್ಧ ಜನ ಬರಲೇ ಇಲ್ಲ.

ಯಂತ್ರ ಮತ್ತು ಸಾಫ್ಟ್‌ವೇರ್

ಒಬ್ಬರಿಗೆ ಒಂದು ಯಂತ್ರ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಇಬ್ಬರಿಗೆ ಒಂದು. ಮೂವರಿಗೆ ಒಂದು ಆದರೆ ಮೂರನೆಯವನು ನೋಡುತ್ತಾನೆ ಅಷ್ಟೇ, ಕಲಿಯುವುದಿಲ್ಲ. ಗಲ್ಫಿನಿಂದ ಬಂದವರ ಮನೆಯಲ್ಲಿ ಹಳೆ ಲ್ಯಾಪ್‌ಟಾಪ್ ಸುಮ್ಮನೆ ಬಿದ್ದಿರ್ತದೆ. ಅದರ ಕೀಲಿಗಳಲ್ಲಿ ಅರಬಿ ಅಕ್ಷರವೂ ಅಚ್ಚಾಗಿರಬಹುದು, ಹೆದರುವುದು ಬೇಡ, ಇಂಗ್ಲಿಷ್ ಅಕ್ಷರ ಜೊತೆಯಲ್ಲೇ ಇರ್ತದೆ. ಎರವಲು ತರುವಾಗ ಮಾಲಕರ ಫೋಟೋ, ಪಾಸ್‌ವರ್ಡ್ ಇರುವ ಖಾತೆ ಮುಟ್ಟದೆ, ತರಗತಿಗೆ ಬೇರೆ ಯೂಸರ್ ಖಾತೆ ಮಾಡಿ.

ಕದ್ದ ಸಾಫ್ಟ್‌ವೇರ್ ಹಾಕಬೇಡಿ. ವೈರಸ್ ಬರ್ತದೆ, ಅಲ್ಲದೆ ಕಲಿಸುವ ಜಾಗದಲ್ಲೇ ಅಪ್ರಾಮಾಣಿಕತೆ ಕಲಿಸಿದ ಹಾಗೆ ಆಗ್ತದೆ. ಪತ್ರ, ಲೆಕ್ಕದ ಪಟ್ಟಿಗೆ ಲಿಬ್ರೆ ಆಫೀಸ್ ಪೂರ್ತಿ ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ. ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದೂ ಇಂಥ ಮುಕ್ತ ಸಾಫ್ಟ್‌ವೇರಿನಲ್ಲೇ. ಅದರ ಕ್ಯಾಲ್ಕ್‌ನಲ್ಲಿ ಟೋಟಲ್ ತೆಗೆಯಲು ಬಂದವನಿಗೆ ಎಕ್ಸೆಲ್ ಕೂಡ ಬರ್ತದೆ. ಲೆಕ್ಕಪತ್ರಕ್ಕೆ ಟ್ಯಾಲಿಪ್ರೈಮ್‌ನ ಎಜುಕೇಷನಲ್ ಮೋಡ್ ಉಂಟು, ಅದಕ್ಕೆ ಲೈಸೆನ್ಸ್ ಬೇಡ. ಅದರಲ್ಲಿ ತಿಂಗಳ 1 ಮತ್ತು 2ನೇ ತಾರೀಖಿನಂಥ ಕೆಲವೇ ದಿನಗಳಿಗೆ ಎಂಟ್ರಿ ಹಾಕ್ಲಿಕ್ಕೆ ಆಗುವುದು. ಕಲಿಯಲಿಕ್ಕೆ ಅಷ್ಟು ಸಾಕು. ಆದರೆ ಇದನ್ನು ಮೊದಲೇ ಹೇಳಿ, ಇಲ್ಲದಿದ್ದರೆ "ಸಾಫ್ಟ್‌ವೇರ್ ಹಾಳಾಗಿದೆ" ಎಂದು ಎಲ್ಲರೂ ಗಾಬರಿ ಆಗ್ತಾರೆ.

ಇನ್‌ಸ್ಟಾಲ್ ಮಾಡುವ ಕೆಲಸ ತರಗತಿಯ ಹಿಂದಿನ ದಿನವೇ ಮುಗಿಯಬೇಕು. ನಮ್ಮ ಮೊದಲ ತರಗತಿ ಪೂರ್ತಿ ಡೌನ್‌ಲೋಡಿಗೇ ಹೋಯಿತು. ಪೆನ್‌ಡ್ರೈವಿನಲ್ಲಿ ಫೈಲ್ ಇಟ್ಟುಕೊಂಡರೆ ನೆಟ್ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಕಲಿಸುವ ಕ್ರಮ

ಹೊಸಬರಿಗೆ ಸಾಫ್ಟ್‌ವೇರ್ ಕಲಿಸುವ ರೀತಿಯನ್ನು ಕೆಲವರು ವರ್ಷಗಟ್ಟಲೆ ಪರೀಕ್ಷೆ ಮಾಡಿ ನೋಡಿದ್ದಾರೆ. 1998ರಲ್ಲಿ ಅಮೆರಿಕದಲ್ಲಿ ಗ್ರೆಗ್ ವಿಲ್ಸನ್ ಮತ್ತು ಬ್ರೆಂಟ್ ಗೋರ್ಡಾ ಶುರು ಮಾಡಿದ ಸಾಫ್ಟ್‌ವೇರ್ ಕಾರ್ಪೆಂಟ್ರಿ ವಿಜ್ಞಾನಿಗಳಿಗೆ ಪ್ರೋಗ್ರಾಮಿಂಗ್ ಕಲಿಸುವ ತರಗತಿ. ಅವರ ಮೂರು ಅಭ್ಯಾಸ ನಮಗೂ ಹೊಂದುತ್ತದೆ.

ಒಂದು, ಸ್ಲೈಡ್ ತೋರಿಸದೆ ಕಲಿಸುವವನು ಎದುರಲ್ಲೇ ಟೈಪ್ ಮಾಡುತ್ತಾನೆ, ಕಲಿಯುವವರೂ ಜೊತೆ ಜೊತೆಗೆ ಮಾಡುತ್ತಾರೆ. ಅವನು ತಪ್ಪು ಮಾಡಿದರೆ ತಿದ್ದುವ ಬಗೆಯೂ ಕಾಣ್ತದೆ. ಎರಡು, ಪ್ರತಿಯೊಬ್ಬರಿಗೆ ಎರಡು ಬಣ್ಣದ ಅಂಟು ಚೀಟಿ. ಕೆಲಸ ಮುಗಿದರೆ ಹಸಿರು, ಸಿಕ್ಕಿಬಿದ್ದರೆ ಕೆಂಪು ಚೀಟಿಯನ್ನು ಪರದೆಗೆ ಅಂಟಿಸುವುದು. ಕೈ ಎತ್ತಲು ನಾಚುವ ತಾಯಂದಿರಿಗೆ ಇದರಿಂದ ತುಂಬ ಸಹಾಯ ಆಯಿತು. ಮೂರು, ಹೋಗುವಾಗ ಅದೇ ಚೀಟಿಯಲ್ಲಿ ಅರ್ಥವಾದದ್ದು ಒಂದು, ಆಗದ್ದು ಒಂದು ಬರೆದು ಕೊಡುವುದು. ಮುಂದಿನ ಪಾಠದ ಮೊದಲ ಹತ್ತು ನಿಮಿಷ ಅದಕ್ಕೇ.

ನಾವು ಇನ್ನೊಂದು ನಿಯಮ ಸೇರಿಸಿದೆವು: ಸಹಾಯಕ ಕಲಿಯುವವರ ಮೌಸ್ ಮುಟ್ಟಬಾರದು. ಬಾಯಲ್ಲಿ ಹೇಳಬೇಕು, ಅವರೇ ಒತ್ತಬೇಕು. ಕಷ್ಟವೇ, ಆದರೆ ಕಲಿಯುವುದು ಬೆರಳು.

ಮಾತು ಬ್ಯಾರಿಯಲ್ಲೋ ಕನ್ನಡದಲ್ಲೋ ಇರಲಿ, ಪರದೆಯ ಮೇಲಿನ ಶಬ್ದವನ್ನು ಇದ್ದ ಹಾಗೇ ಹೇಳಿ. "ಸೇವ್" ಎಂಬುದಕ್ಕೆ ಕನ್ನಡ ಶಬ್ದ ಹುಡುಕಿದರೆ ಪರದೆಯಲ್ಲಿ ಅದು ಸಿಗುವುದಿಲ್ಲ. ಶಬ್ದ ಇಂಗ್ಲಿಷಿನದ್ದು, ವಿವರಣೆ ನಮ್ಮದು.

ಕಲಿಸುವವರು ಸಿಗದ ಊರಿಗೂ ದಾರಿ ಉಂಟು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಹತ್ತು ನಿಮಿಷದ ಆಸುಪಾಸಿನ ವಿಡಿಯೋ ಪಾಠಗಳು ಉಚಿತವಾಗಿ ಸಿಗುತ್ತವೆ. ಲಿಬ್ರೆ ಆಫೀಸಿನ ಪಾಠಗಳು ಅದರಲ್ಲಿವೆ, ಅನೇಕ ಪಾಠಗಳಿಗೆ ಕನ್ನಡ ಧ್ವನಿಯೂ ಉಂಟು. ಪರದೆಯ ಒಂದು ಬದಿಯಲ್ಲಿ ವಿಡಿಯೋ, ಇನ್ನೊಂದು ಬದಿಯಲ್ಲಿ ಸಾಫ್ಟ್‌ವೇರ್ ಇಟ್ಟು, ನಿಲ್ಲಿಸಿ ನಿಲ್ಲಿಸಿ ಮಾಡುವುದು ಅದರ ಕ್ರಮ.

16 ಪಾಠಗಳ ಪಟ್ಟಿ

ಒಂದೂವರೆ ಗಂಟೆಯ 16 ಪಾಠ ಎಂದರೆ 24 ಗಂಟೆ, ವಾರಕ್ಕೆ ಎರಡರಂತೆ ಎಂಟು ವಾರ.

- ಪಾಠ 1 ಮತ್ತು 2: ಮೌಸ್, ಕೀಬೋರ್ಡ್, ಫೈಲಿಗೆ ಹೆಸರು ಇಡುವುದು, ಸೇವ್ ಮಾಡುವುದು, ಮರುದಿನ ಹುಡುಕುವುದು.
- ಪಾಠ 3 ಮತ್ತು 4: ಇಂಗ್ಲಿಷ್ ಮತ್ತು ಕನ್ನಡ ಟೈಪಿಂಗ್. ಮುಗಿಯುವ ಕೆಲಸ: ಪಂಚಾಯತಿಗೆ ಒಂದು ಅರ್ಜಿ.
- ಪಾಠ 5ರಿಂದ 8: ಕ್ಯಾಲ್ಕ್. ಸ್ಟಾಕ್ ಪಟ್ಟಿ, ಟೋಟಲ್, ಅಕಾರಾದಿ ಜೋಡಣೆ, ಫಿಲ್ಟರ್. ಮುಗಿಯುವ ಕೆಲಸ: ಅಂಗಡಿಯ ಸಾಲದ ಪುಸ್ತಕ ಅಥವಾ ಮನೆಯ ತಿಂಗಳ ಖರ್ಚು.
- ಪಾಠ 9 ಮತ್ತು 10: ಇಮೇಲ್, ಪಿಡಿಎಫ್, ಮೋಸದಿಂದ ತಪ್ಪಿಸಿಕೊಳ್ಳುವುದು. ಮುಗಿಯುವ ಕೆಲಸ: ತಮ್ಮದೇ ಬಯೋಡೇಟಾ ಕಳಿಸುವುದು.
- ಪಾಠ 11ರಿಂದ 14: ಟ್ಯಾಲಿಯಲ್ಲಿ ಕಂಪೆನಿ, ಲೆಡ್ಜರ್, ಖರೀದಿ, ಮಾರಾಟ, ಪಾವತಿ.
- ಪಾಠ 15 ಮತ್ತು 16: ಪ್ರತಿಯೊಬ್ಬರೂ ತಮ್ಮ ಮನೆಯ ಅಥವಾ ಅಂಗಡಿಯ ಒಂದು ನಿಜವಾದ ಕೆಲಸ ಮಾಡಿ ತೋರಿಸುವುದು.

ಟ್ಯಾಲಿಗೆ ಹೋಗುವ ಮೊದಲು ಡೆಬಿಟ್, ಕ್ರೆಡಿಟ್ ಅನ್ನು ಕಾಗದದಲ್ಲಿ ಒಂದು ಪಾಠ ಮಾಡಿ. ನಾನು ಬಿಕಾಂ ಓದಿದವ, ಆದರೂ ಲೆಕ್ಕಶಾಸ್ತ್ರ ತಲೆಗೆ ಹತ್ತಿದ್ದು ಅಂಗಡಿಯ ಪುಸ್ತಕದಲ್ಲೇ. ಕಾಗದದಲ್ಲಿ ಬಾರದ್ದು ಕಂಪ್ಯೂಟರಿನಲ್ಲೂ ಬರುವುದಿಲ್ಲ.

ಗಡಿಯವರಿಗೆ ಬೇಕಾದ ಒಂದು ಅಭ್ಯಾಸ

ನಮ್ಮ ವ್ಯಾಪಾರದ ಸರಕು ಬಹಳಷ್ಟು ತಲಪಾಡಿ ದಾಟಿ ಮಂಗಳೂರಿನಿಂದ ಬರುವುದು. ಜಿಎಸ್‌ಟಿ 2017ರ ಜುಲೈ 1ರಂದು ಬಂದ ಮೇಲೆ ಇದು ಅಂತರರಾಜ್ಯ ಖರೀದಿ. ಪುಸ್ತಕದ ಉದಾಹರಣೆ ಬಿಟ್ಟು ಈ ಎರಡು ಬಿಲ್ ಕೊಟ್ಟು ಎಂಟ್ರಿ ಮಾಡಿಸಿ.

ಮೊದಲನೆಯದು ಮಂಗಳೂರಿನ ಹೋಲ್‌ಸೇಲ್ ಬಿಲ್: ಸರಕಿನ ಬೆಲೆ 10,000 ರೂಪಾಯಿ, ತೆರಿಗೆ ಶೇ. 18. ಇಲ್ಲಿ ಬರುವುದು ಐಜಿಎಸ್‌ಟಿ 1,800 ರೂಪಾಯಿ. ಎರಡನೆಯದು ಕಾಸರಗೋಡಿನ ಬಿಲ್, ಅದೇ ಬೆಲೆ, ಅದೇ ದರ. ಇಲ್ಲಿ ಸಿಜಿಎಸ್‌ಟಿ 900, ಎಸ್‌ಜಿಎಸ್‌ಟಿ 900. ಎರಡರ ಮೊತ್ತವೂ 11,800. ಹೊಸಬ "ಮೊತ್ತ ಸರಿ ಉಂಟಲ್ಲ" ಎಂದು ಎರಡನ್ನೂ ಒಂದೇ ರೀತಿ ಹಾಕಿಬಿಡ್ತಾನೆ. ಆಗ ನಮ್ಮ ಪುಸ್ತಕಕ್ಕೂ ಪೋರ್ಟಲಿನ ಜಿಎಸ್‌ಟಿಆರ್ 2ಬಿ ಪಟ್ಟಿಗೂ ತಾಳೆ ಆಗುವುದಿಲ್ಲ, ಕಟ್ಟಿದ ತೆರಿಗೆಯ ಕ್ರೆಡಿಟ್ ಪಡೆಯುವಾಗ ತೊಂದರೆ ಆಗ್ತದೆ.

ಗುರುತು ಹಿಡಿಯುವುದು ಸುಲಭ. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ, ಅಂಕೆ ಇರ್ತವೆ. ಮೊದಲ ಎರಡು ಅಂಕೆ ರಾಜ್ಯದ್ದು. ಕರ್ನಾಟಕಕ್ಕೆ 29, ಕೇರಳಕ್ಕೆ 32. ಟ್ಯಾಲಿಯಲ್ಲಿ ಕಂಪೆನಿ ಮಾಡುವಾಗ ರಾಜ್ಯ ಕೇರಳ ಎಂದೂ, ಮಂಗಳೂರಿನ ವ್ಯಾಪಾರಿಯ ಲೆಡ್ಜರಿನಲ್ಲಿ ಕರ್ನಾಟಕ ಎಂದೂ ಇರಬೇಕು. ಈ ಒಂದು ಅಭ್ಯಾಸ ಗಟ್ಟಿ ಮಾಡಿಕೊಂಡ ಹುಡುಗ ನಮ್ಮ ಪೇಟೆಯ ಯಾವ ಅಂಗಡಿಯಲ್ಲೂ ಕೆಲಸಕ್ಕೆ ಬರ್ತಾನೆ.

ಕನ್ನಡ ಟೈಪಿಂಗ್

ಗಡಿಯಲ್ಲಿರುವ ನಮಗೆ ಇದು ಮುಖ್ಯ. ಕರ್ನಾಟಕ ಸರಕಾರ ಒಪ್ಪಿಕೊಂಡ ಕೀಲಿ ವಿನ್ಯಾಸವನ್ನು ರೂಪಿಸಿದ ಕೆ.ಪಿ. ರಾವ್ ಮಂಗಳೂರು ಬಳಿಯ ಕಿನ್ನಿಕಂಬಳದವರು. ನುಡಿ ತಂತ್ರಾಂಶದಲ್ಲಿ ಇರುವುದೂ ಇದೇ ವಿನ್ಯಾಸ. ಅದರಲ್ಲಿ ಎಫ್ ಕೀಲಿ ಒತ್ತಕ್ಷರ ಜೋಡಿಸುತ್ತದೆ. "ಕನ್ನಡ" ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ಸಾಕು. ಮಹಾಪ್ರಾಣಕ್ಕೆ ಶಿಫ್ಟ್ ಹಿಡಿಯಬೇಕು. ಬ್ಯಾರಿ ಭಾಷೆಯನ್ನು ಕನ್ನಡ ಲಿಪಿಯಲ್ಲಿ ಬರೆಯುವವರಿಗೂ ಇದೇ ಉಪಯೋಗ ಆಗ್ತದೆ.

ಒಂದು ಎಚ್ಚರ: ಟೈಪ್ ಮಾಡುವಾಗ ಯೂನಿಕೋಡ್ ಆಯ್ಕೆ ಇರಲಿ. ಹಳೆಯ ಫಾಂಟಿನಲ್ಲಿ ಬರೆದ ಅರ್ಜಿ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಹಾಗೆ ಕಾಣ್ತದೆ. ಕಳಿಸುವ ಮೊದಲು ಪಿಡಿಎಫ್ ಮಾಡಿದರೆ ಚಿಂತೆ ಇಲ್ಲ.

ಮೋಸದ ಬಗ್ಗೆ ಒಂದು ಪಾಠ

ಕಂಪ್ಯೂಟರ್ ಕಲಿಸಿ, ಮೋಸದ ಬಗ್ಗೆ ಹೇಳದೆ ಬಿಟ್ಟರೆ ಅರ್ಧ ಕೆಲಸ. ಒಟಿಪಿ ಯಾರಿಗೂ ಹೇಳಬಾರದು. ಹಣ ಪಡೆಯಲು ಯುಪಿಐ ಪಿನ್ ಹಾಕುವ ಅಗತ್ಯವೇ ಇಲ್ಲ, ಪಿನ್ ಕೇಳಿದರೆ ಹಣ ನಮ್ಮಿಂದ ಹೋಗುತ್ತದೆ ಎಂದೇ ಅರ್ಥ. ವಿದೇಶದ ಕೆಲಸ ಕೊಡಿಸುತ್ತೇವೆ ಎಂದು ಮೊದಲೇ ಹಣ ಕೇಳುವ ಇಮೇಲ್ ನಂಬಬಾರದು. ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು, ಅದು ಸೈಬರ್ ವಂಚನೆಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ. ಈ ನಂಬರನ್ನು ಎಲ್ಲರ ಮೊಬೈಲಿನಲ್ಲಿ ಅಲ್ಲೇ ಸೇವ್ ಮಾಡಿಸಿ.

ಹಣ, ಹಾಜರಿ, ಸರ್ಟಿಫಿಕೇಟ್

ಮೊದಲ ಬ್ಯಾಚು ಪೂರ್ತಿ ಉಚಿತ. ಉಚಿತವಾದದ್ದಕ್ಕೆ ಬೆಲೆ ಕಡಿಮೆ, ಇದು ಎಲ್ಲ ವ್ಯಾಪಾರಿಗಳಿಗೂ ಗೊತ್ತುಂಟು. ಎರಡನೇ ಸಲ 500 ರೂಪಾಯಿ ಠೇವಣಿ ಇಟ್ಟೆವು. 13 ಪಾಠಕ್ಕೆ ಬಂದವರಿಗೆ 400 ವಾಪಸ್. ಉಳಿದ 100 ಕರೆಂಟು, ಚಹಾ, ಚೀಟಿಯ ಖರ್ಚಿಗೆ. ಕೊಡ್ಲಿಕ್ಕೆ ಆಗದವರ ಠೇವಣಿಯನ್ನು ಒಬ್ಬ ಅಂಗಡಿಯವರು ಕಟ್ಟಿದರು, ಯಾರದ್ದು ಎಂದು ತರಗತಿಯಲ್ಲಿ ಹೇಳಲಿಲ್ಲ. ಖರ್ಚಿನ ಲೆಕ್ಕವನ್ನು ಕ್ಯಾಲ್ಕ್‌ನಲ್ಲೇ ಬರೆದು ಎಲ್ಲರಿಗೆ ತೋರಿಸಿದೆವು, ಅದೂ ಒಂದು ಪಾಠವೇ.

ಎರಡು ಸಲ ಸತತ ಬಾರದವರಿಗೆ ಫೋನ್ ಮಾಡಿ. ಬೈಯುವುದಕ್ಕಲ್ಲ, ಎಲ್ಲಿ ತಪ್ಪಿತು ಎಂದು ತಿಳಿಯುವುದಕ್ಕೆ. ಒಬ್ಬಾಕೆ ಬಿಟ್ಟದ್ದು ಮಗುವನ್ನು ನೋಡುವವರಿಲ್ಲ ಎಂದು. ಮಗುವನ್ನು ಕರ್ಕೊಂಡು ಬನ್ನಿ ಎಂದೆವು, ಬಂದರು. ಈಗ ಅಣ್ಣನ ಅಂಗಡಿಯ ಖರೀದಿ ಬಿಲ್ ಅವರೇ ಮನೆಯಿಂದ ಎಂಟ್ರಿ ಮಾಡ್ತಾರೆ.

ಲ್ಯಾಮಿನೇಷನ್ ಮಾಡಿದ ಸರ್ಟಿಫಿಕೇಟ್ ನಾವು ಕೊಡಲಿಲ್ಲ. ಬದಲಿಗೆ ಒಂದು ಫೋಲ್ಡರ್: ಅವರೇ ಮಾಡಿದ ಅರ್ಜಿ, ಸಾಲದ ಪುಸ್ತಕ, ಬಯೋಡೇಟಾ, ಎಂಟ್ರಿ ಮಾಡಿದ ಬಿಲ್‌ಗಳ ಪಿಡಿಎಫ್. ಕೆಲಸ ಕೇಳಲು ಹೋಗುವಾಗ ಅದನ್ನು ತೋರಿಸಲಿ. ಸರಕಾರಿ ನೌಕರಿಗೆ ಮಾನ್ಯತೆ ಇರುವ ಸರ್ಟಿಫಿಕೇಟ್ ಬೇಕಾದವರು ಇದಾದ ಮೇಲೆ ಸಿಸಿಸಿಯಂಥ ಪರೀಕ್ಷೆ ಬರೆಯಬಹುದು.

ಮುಗಿದ ಮೇಲೆ

ತರಗತಿ ಮುಗಿದು ಒಂದು ತಿಂಗಳಲ್ಲಿ ಅಭ್ಯಾಸ ಇಲ್ಲದಿದ್ದರೆ ಕಲಿತದ್ದು ಮರೆತು ಹೋಗ್ತದೆ. ಆದ್ದರಿಂದ ವಾರಕ್ಕೆ ಒಂದು ಸಂಜೆ ಕೋಣೆ ತೆರೆದಿಡಿ, ಪಾಠ ಬೇಡ, ಬಂದು ಕೂತು ಕೆಲಸ ಮಾಡಲಿ. ಹತ್ತಿರದ ಅಂಗಡಿಯವರನ್ನು ಕೇಳಿ, ತಿಂಗಳಿಗೆ 20 ಬಿಲ್ ಅಭ್ಯಾಸಕ್ಕೆ ಕೊಡ್ತಾರಾ ಎಂದು. ಚೆನ್ನಾಗಿ ಕಲಿತ ಇಬ್ಬರನ್ನು ಮುಂದಿನ ಬ್ಯಾಚಿನ ಸಹಾಯಕರಾಗಿ ಮಾಡಿ. ಕಲಿಸುವಾಗಲೇ ಪೂರ್ತಿ ಕಲಿಯುವುದು.

ಮೊದಲು ಹೇಳಿದ ಆ ಹುಡುಗನನ್ನು ಎರಡನೇ ಬ್ಯಾಚಿಗೆ ನಾನೇ ಫೋನ್ ಮಾಡಿ ಕರೆದೆ. ಬರುವುದಿಲ್ಲ ಎಂದವನು ಎರಡನೇ ಪಾಠಕ್ಕೆ ಬಂದ. ಈಗ ವಾರಕ್ಕೆ ಮೂರು ಸಂಜೆ ನನ್ನ ಅಂಗಡಿಯ ಲೆಕ್ಕ ಬರೀತಾನೆ, ಬಾಕಿ ದಿನ ಇನ್ನೆರಡು ಅಂಗಡಿಯದ್ದು. ಕಳೆದ ತಿಂಗಳು ಮಂಗಳೂರಿನ ಒಂದು ಬಿಲ್ಲಿನಲ್ಲಿ ತಪ್ಪಾಗಿ ಸಿಜಿಎಸ್‌ಟಿ ಹಾಕಿದ್ದನ್ನು ಅವನೇ ಹಿಡಿದ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಿಮ್ಮ ಊರಿನಲ್ಲಿ ಒಂದು ಖಾಲಿ ಕೋಣೆ, ಆರು ಹಳೆ ಲ್ಯಾಪ್‌ಟಾಪ್, ತಾಳ್ಮೆ ಇರುವ ಮೂರು ಜನ ಇದ್ದರೆ ಸಾಕು. ಈ ವಾರ ಆ ಐದು ಪ್ರಶ್ನೆಯ ಚೀಟಿ ಹಿಡಿದು ಹತ್ತು ಮನೆಗೆ ಹೋಗಿ ನೋಡಿ. ಐದನೇ ಪ್ರಶ್ನೆಗೆ ಬರುವ ಉತ್ತರವೇ ನಿಮ್ಮ ಮೊದಲ ಪಾಠ ಯಾವುದೆಂದು ಹೇಳ್ತದೆ.